‘ಸಿಸ್ಟಮ್‌ನಲ್ಲಿ ಹಂಗೇ ಇದೆ’ ಅನ್ನೋ ಹೊಸ ಶಾನುಭೋಗಿಕೆ

1/9

ಫೋಟೋದಲ್ಲಿರೋ ಕೈ ನಮ್ಮಜ್ಜಿದು. ಹೆಬ್ಬೆರಳು ನೋಡಿ, ಗೆರೆಗಳೇ ಸವೆದು ಹೋಗಿವೆ. ಐವತ್ತು ವರ್ಷ ಕಳೆ ಕಿತ್ತ, ಸಗಣಿ ಬಾಚಿದ ಬೆರಳು. ಮುಖ ಹಾಕಲ್ಲ, ಹೆಸರೂ ಹಾಕಲ್ಲ. ಲಕ್ಷ್ಮಮ್ಮ ಅಂತ ಇಟ್ಕೊಳ್ಳಿ. ಕುಡುಮಲಕುಂಟೆ ಸುತ್ತಮುತ್ತ ಯಾವ ಬೀದಿಯಲ್ಲಿ ನಿಂತು ‘ಲಕ್ಷ್ಮಮ್ಮಾ’ ಅಂತ ಕೂಗಿದ್ರೂ ಇಬ್ಬರಾದ್ರೂ ತಿರುಗಿ ನೋಡ್ತಾರೆ.

ಅಜ್ಜಿಗೆ ತಿಂಗಳು ತಿಂಗಳು ಬರಬೇಕಿದ್ದ ಸರ್ಕಾರದ ದುಡ್ಡು ಏಳು ತಿಂಗಳು ಬರಲಿಲ್ಲ. ನಾನೇ ಕರ್ಕೊಂಡು ಹೋದೆ. ಯಾವ ಕಚೇರಿ ಅಂತ ಬರೆಯಲ್ಲ, ಅಲ್ಲಿರೋರ ಮೇಲೆ ನಂಗೆ ಸಿಟ್ಟಿಲ್ಲ. ಕಂಪ್ಯೂಟರ್ ಮುಂದಿದ್ದ ಅಣ್ಣ ನಂಬರ್ ಹೊಡೆದು ನೋಡಿ ಹೇಳಿದ್ರು: “ಅವ್ವಾ, ನಿಮ್ಗೆ ಎಲ್ಲಾ ತಿಂಗಳೂ ದುಡ್ಡು ಹೋಗಿದೆ. ಸಕ್ಸೆಸ್ ಅಂತ ತೋರಿಸ್ತಿದೆ.”

“ನಂಗೆ ಬಂದಿಲ್ಲ ಕಣಪ್ಪ.”

“ಸಿಸ್ಟಮ್‌ನಲ್ಲಿ ಹಂಗೇ ಇದೆ ಅವ್ವಾ. ನಾವೇನು ಮಾಡೋಕಾಗುತ್ತೆ?”

ಅಲ್ಲಿಂದ ಬ್ಯಾಂಕಿಗೆ ಹೋದ್ವಿ. ಪಾಸ್‌ಬುಕ್ ಪ್ರಿಂಟ್ ಹಾಕಿಸಿದ್ವಿ. ಒಂದು ಪೈಸೆ ಬಂದಿಲ್ಲ. ಅವರೂ ಅದೇ ಮಾತು: “ನಮ್ಮ ಸಿಸ್ಟಮ್‌ನಲ್ಲಿ ಏನೂ ಬಂದಿಲ್ಲಮ್ಮ.”

ಒಂದು ಸಿಸ್ಟಮ್ ಹೋಗಿದೆ ಅನ್ನುತ್ತೆ. ಇನ್ನೊಂದು ಸಿಸ್ಟಮ್ ಬಂದಿಲ್ಲ ಅನ್ನುತ್ತೆ. ಮಧ್ಯದಲ್ಲಿ ಎಪ್ಪತ್ತು ದಾಟಿದ ಹೆಂಗಸು ಕೈಚೀಲ ಹಿಡ್ಕೊಂಡು ನಿಂತಿದ್ದಾಳೆ.

ವಾಪಸ್ ಬರುವಾಗ ಬಸ್ಸಲ್ಲಿ ಅಜ್ಜಿ ಮೆಲ್ಲಗೆ ಕೇಳಿದ್ರು: “ನಾನೇ ಎಲ್ಲಾದ್ರೂ ತಗೊಂಡು ಮರ್ತುಬಿಟ್ಟಿದ್ದೀನಾ?”

ಈ ಒಂಬತ್ತು ಪೋಸ್ಟ್ ಬರೀತಿರೋದು ಆ ಪ್ರಶ್ನೆಗೋಸ್ಕರ. ಕಂಪ್ಯೂಟರ್ ತಪ್ಪಾಗಿರಬಹುದು ಅಂತ ಯಾರಿಗೂ ಹೊಳೆಯಲಿಲ್ಲ. ಅಜ್ಜಿಗೂ ಹೊಳೆಯಲಿಲ್ಲ. ತನ್ನ ತಲೆ ಕೆಟ್ಟಿರಬಹುದು ಅಂತ ಹೊಳೀತು.

2/9

ದುಡ್ಡು ಎಲ್ಲಿತ್ತು ಅಂತ ಕಾಮೆಂಟಲ್ಲಿ ಕೇಳ್ತಿದ್ದೀರಿ. ಹೇಳ್ತೀನಿ. ನಿಮ್ಮ ಮನೆಯಲ್ಲೂ ಇದು ಆಗಿರಬಹುದು.

ಈ ಥರ ನೇರ ಖಾತೆಗೆ ಬರೋ ದುಡ್ಡು ಬಹಳಷ್ಟು ಸಲ ಅಕೌಂಟ್ ನಂಬರ್ ನೋಡ್ಕೊಂಡು ಹೋಗಲ್ಲ. ಆಧಾರ್ ನಂಬರ್ ನೋಡ್ಕೊಂಡು ಹೋಗುತ್ತೆ. ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅನ್ನೋದಕ್ಕೆ ಒಂದು ಪಟ್ಟಿ ಇದೆ, ಎನ್‌ಪಿಸಿಐ ಮ್ಯಾಪರ್ ಅಂತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ದೊಡ್ಡ ಪುಸ್ತಕ, ಎರಡು ಕಾಲಂ. ಈ ಕಡೆ ಆಧಾರ್, ಆ ಕಡೆ ಬ್ಯಾಂಕು. ಒಬ್ಬರಿಗೆ ನಾಲ್ಕು ಬ್ಯಾಂಕಲ್ಲಿ ಖಾತೆ ಇದ್ರೂ ಆ ಪುಸ್ತಕದಲ್ಲಿ ಒಂದೇ ಬ್ಯಾಂಕು ಇರುತ್ತೆ. ಕೊನೆಯಲ್ಲಿ ಯಾವುದನ್ನ ಜೋಡಿಸಿದ್ರೋ ಅದು.

ಅಜ್ಜಿ ಕೆಲವು ವರ್ಷದ ಹಿಂದೆ ಯಾವುದೋ ಕ್ಯಾಂಪಲ್ಲಿ ಸಾಲು ನಿಂತು, ಹೆಬ್ಬೆಟ್ಟು ಒತ್ತಿ, ಒಂದು ಜೀರೋ ಬ್ಯಾಲೆನ್ಸ್ ಖಾತೆ ತೆಗೆದಿದ್ರು. ಫಾರಂನಲ್ಲಿ ‘ಈ ಖಾತೆಗೇ ಆಧಾರ್ ಜೋಡಿಸಿ’ ಅನ್ನೋ ಜಾಗಕ್ಕೆ ಯಾರೋ ಟಿಕ್ ಹಾಕಿದ್ರು. ಅಷ್ಟೇ. ಏಳು ತಿಂಗಳ ದುಡ್ಡು ಆ ಮರೆತುಹೋದ ಖಾತೆಯಲ್ಲಿ ತಣ್ಣಗೆ ಕೂತಿತ್ತು.

ನಮಗೆ ಇದನ್ನ ಹೇಳಿದ್ದು ಕಚೇರಿಯಲ್ಲ, ಬ್ಯಾಂಕಲ್ಲ. ನನ್ನ ಕ್ಲಾಸ್‌ಮೇಟ್. ಆಧಾರ್ ವೆಬ್‌ಸೈಟ್‌ಗೆ ಲಾಗಿನ್ ಆಗಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡೋ ಅಂದ. ನೋಡಿದೆ. ಬ್ಯಾಂಕಿನ ಹೆಸರು ಬಂತು. ಐದು ನಿಮಿಷದ ಕೆಲಸ. (ಸೇವ್ ಮಾಡ್ಕೊಳ್ಳಿ. ಆಧಾರ್‌ಗೆ ಕೊಟ್ಟಿರೋ ಮೊಬೈಲ್ ಕೈಯಲ್ಲಿರಬೇಕು, ಓಟಿಪಿ ಬರುತ್ತೆ.)

ದುಡ್ಡು ಸಿಕ್ಕಿತಲ್ಲ, ಇನ್ನೇನು ಅಂತ ಲೈಕ್ ಒತ್ತಿ ಹೋಗಬೇಡಿ. ಮ್ಯಾಪರ್ ತನಗೆ ಹೇಳಿದ ಹಾಗೇ ಕೆಲಸ ಮಾಡ್ತು. ಕಚೇರಿಯ ಅಣ್ಣ ಸುಳ್ಳು ಹೇಳಲಿಲ್ಲ. ಬ್ಯಾಂಕೂ ಸುಳ್ಳು ಹೇಳಲಿಲ್ಲ. ಆದರೆ ಯಾರ ಸ್ಕ್ರೀನಲ್ಲೂ ‘ಯಾವ ಬ್ಯಾಂಕಿಗೆ ಹೋಯ್ತು’ ಅನ್ನೋ ಒಂದು ಸಾಲು ಇರಲಿಲ್ಲ, ಅಥವಾ ಇದ್ರೂ ಅಜ್ಜಿಗೆ ಓದಿ ಹೇಳೋದು ತಮ್ಮ ಕೆಲಸ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ಪೂಜಾರಿಯೂ ಕೊಟ್ಟ. ಎಲ್ಲಿಟ್ಟಿದ್ದೀನಿ ಅಂತ ಮಾತ್ರ ಹೇಳಲಿಲ್ಲ.

3/9

ಈ ಪುಸ್ತಕಗಳನ್ನೆಲ್ಲ ಯಾರು ನೋಡ್ಕೊಳ್ತಾರೆ? ಡೇಟಾಬೇಸ್ ಅಡ್ಮಿನಿಸ್ಟ್ರೇಟರ್, ಚಿಕ್ಕದಾಗಿ ಡಿಬಿಎ.

ಕೋಡ್ ಬರೆಯೋರು ಬೇರೆ, ಆ್ಯಪ್ ಮಾಡೋರು ಬೇರೆ. ಡಿಬಿಎ ಕೆಲಸ ಅಂದ್ರೆ ಉಗ್ರಾಣದ ಬೀಗದ ಕೈ ಇಟ್ಕೊಂಡಂಗೆ. ಯಾರು ಏನು ಓದಬಹುದು, ಯಾರು ಏನು ತಿದ್ದಬಹುದು ಅಂತ ಅನುಮತಿ ಕೊಡೋದು. ಪ್ರತಿದಿನ ಬ್ಯಾಕಪ್ ಆಗ್ತಿದೆಯಾ ನೋಡೋದು. ಒಂದು ಮಷಿನ್ ಬಿದ್ರೆ ಇನ್ನೊಂದು ಏಳೋ ಹಾಗೆ ನಕಲು ಇಡೋದು. ಸರ್ವರ್ ನಿಧಾನ ಆದ್ರೆ ಯಾವ ಪ್ರಶ್ನೆ ಎಲ್ಲಿ ಸಿಕ್ಕಾಕೊಂಡಿದೆ ಅಂತ ಹುಡುಕೋದು. ರಾತ್ರಿ ಎರಡು ಗಂಟೆಗೆ ಫೋನ್ ಬಂದ್ರೆ ಎದ್ದು ಕೂರೋದು.

ಬಿಕಾಂನವರೇ, ಇದು ಇಂಜಿನಿಯರಿಂಗ್ ವಿಷಯ ಅಂತ ಸ್ಕ್ರೋಲ್ ಮಾಡಬೇಡಿ. 1970ರಲ್ಲಿ ಇ. ಎಫ್. ಕಾಡ್ ಅನ್ನೋರು ಮಾಹಿತಿನ ಟೇಬಲ್‌ಗಳಲ್ಲಿ ಇಡಬೇಕು ಅಂತ ಪ್ರಬಂಧ ಬರೆದ್ರು. ಅಲ್ಲಿಂದ ಇವತ್ತಿನ ಡೇಟಾಬೇಸ್ ಶುರು. 1494ರಲ್ಲೇ ಇಟಲಿಯ ಲೂಕಾ ಪಾಚೋಲಿ ಜಮಾ-ಖರ್ಚು ಎರಡೂ ಕಡೆ ಬರೆಯೋ ಪದ್ಧತಿನ ಪುಸ್ತಕದಲ್ಲಿ ವಿವರಿಸಿದ್ರು. ಎರಡರ ಒಳಗಿರೋ ಹಠ ಒಂದೇ. ಒಬ್ಬರ ಖಾತೆಯಿಂದ ಹೋಯ್ತು ಅಂದ್ರೆ ಇನ್ನೊಬ್ಬರ ಖಾತೆಗೆ ಬಂದಿರಲೇಬೇಕು. ಎರಡೂ ಆಗಬೇಕು, ಇಲ್ಲಾಂದ್ರೆ ಎರಡೂ ಆಗಬಾರದು. ಡೇಟಾಬೇಸ್‌ನಲ್ಲಿ ಅದಕ್ಕೆ ಟ್ರಾನ್ಸಾಕ್ಷನ್ ಅಂತಾರೆ. ಕರೆಂಟ್ ಹೋದ್ರೂ ಅರ್ಧಕ್ಕೆ ನಿಲ್ಲಂಗಿಲ್ಲ.

ನಾವು ಮೂರು ವರ್ಷ ಕಲಿಯೋದೇ ಇದು. ಜರ್ನಲ್, ಲೆಡ್ಜರ್, ವೋಚರ್, ರೀಕನ್ಸಿಲಿಯೇಷನ್. ಅಜ್ಜಿ ವಿಷಯದಲ್ಲಿ ತಪ್ಪಿದ್ದು ಕಂಪ್ಯೂಟರ್ ಸೈನ್ಸ್ ಅಲ್ಲ. ರೀಕನ್ಸಿಲಿಯೇಷನ್. ಕಳಿಸಿದವರ ಪುಸ್ತಕ, ತಗೊಂಡವರ ಪುಸ್ತಕ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋರು ಯಾರೂ ಇರಲಿಲ್ಲ. ಫಸ್ಟ್ ಸೆಮ್‌ನಲ್ಲಿ ಇದನ್ನ ತಪ್ಪು ಮಾಡಿದ್ರೆ ಮಾರ್ಕ್ಸ್ ಹೋಗುತ್ತೆ.

4/9

ಫೋಟೋ: ತಾತನ ಕಾಲದ ಪಹಣಿ. ಶಾಯಿ ಮಾಸಿದೆ, ಮಡಿಕೆ ಹರಿದಿದೆ. ಹೆಸರಿರೋ ಜಾಗ ಬೇಕಂತಲೇ ಮುಚ್ಚಿದ್ದೀನಿ.

ಇದನ್ನ ಬರೀತಿದ್ದವರು ಶಾನುಭೋಗರು. ಊರಿನ ಜಮೀನು ಲೆಕ್ಕ ವಂಶಪಾರಂಪರ್ಯವಾಗಿ ಅವರ ಮನೆಯಲ್ಲಿತ್ತು. ಯಾರ ಹೊಲ ಎಷ್ಟು, ಯಾರ ಬೆಳೆ ಏನು, ಯಾರ ಹೆಸರು ಯಾವ ಕಾಲಂನಲ್ಲಿ, ಎಲ್ಲಾ ಅವರ ಕಡತ. ಓದೋಕೆ ಬರದ ಊರಲ್ಲಿ ಓದೋಕೆ ಬರೋ ಒಂದು ಮನೆ. ಅವರಲ್ಲಿ ಒಳ್ಳೆಯವರು ಇದ್ರು, ಅದನ್ನ ಹಿರಿಯರೇ ಹೇಳ್ತಾರೆ. ಆದರೆ ಲೆಕ್ಕ ಸರಿಯಿದೆಯಾ ಇಲ್ವಾ ಅಂತ ನೋಡೋ ದಾರಿ ರೈತನಿಗೆ ಇರಲಿಲ್ಲ. ಅವರು ಒಳ್ಳೆಯವರಾಗಿದ್ರೆ ನಿನ್ನ ಅದೃಷ್ಟ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು, 1963ರಲ್ಲಿ ಜಾರಿಯಾಗಿ, ಆ ವಂಶದ ಹಕ್ಕು ಹೋಯ್ತು. ಸಂಬಳದ ಗ್ರಾಮ ಲೆಕ್ಕಿಗರು ಬಂದ್ರು. ಈಗ ಅವರನ್ನ ಗ್ರಾಮ ಆಡಳಿತಾಧಿಕಾರಿ ಅಂತೀವಿ.

ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ ಅನ್ನೋದು ಎಷ್ಟು ದೊಡ್ಡದು ಅಂತ ನಮ್ಮ ತಾಲ್ಲೂಕಿನವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ಕ್ಕೆ ಗುಂಡು ಹಾರಿದಾಗ ಎಷ್ಟು ಜನ ಸತ್ರು? ಸರ್ಕಾರದ ಲೆಕ್ಕ ಹತ್ತರ ಆಸುಪಾಸು, ಜನರ ಲೆಕ್ಕ ಮೂವತ್ತರ ಮೇಲೆ. ಸತ್ತವರ ಹೆಸರೂ ಬರೆಯೋರ ಕೈಯಲ್ಲೇ ಇರುತ್ತೆ.

ಕುಡುಮಲಕುಂಟೆಗೆ ಬನ್ನಿ. ಇಲ್ಲಿ ಇಂಡಸ್ಟ್ರಿಯಲ್ ಏರಿಯಾ ಇದೆ. ಇಂಡಸ್ಟ್ರಿಗೆ ಜಮೀನು ಹೋಗುವಾಗ ಏನು ಕೇಳ್ತಾರೆ ಗೊತ್ತಲ್ಲ? ನೀನು ಎಷ್ಟು ವರ್ಷ ಉತ್ತಿದ್ದೀಯ ಅಂತ ಕೇಳಲ್ಲ. ಪಹಣಿ ಕಾಲಂ 9ರಲ್ಲಿ ಯಾರ ಹೆಸರಿದೆ ಅಂತ ಕೇಳ್ತಾರೆ. ಕಾಲಂ 11ರಲ್ಲಿ ಏನು ಋಣ ಇದೆ ಅಂತ ನೋಡ್ತಾರೆ. ಅಪ್ಪ ಸತ್ತು ಇಪ್ಪತ್ತು ವರ್ಷವಾದ್ರೂ ಫೌತಿ ಖಾತೆ ಮಾಡಿಸದೇ ಇರೋ ಮನೆಗಳು ಪ್ರತಿ ಊರಲ್ಲೂ ಇವೆ. ಅವರಿಗೆ ಆ ದಿನ ಗೊತ್ತಾಗುತ್ತೆ, ನೆಲ ಕಾಲ ಕೆಳಗಿದ್ರೆ ಸಾಲದು, ಕಾಲಂ ಒಳಗೂ ಇರಬೇಕು ಅಂತ.

5/9

“ಅದಕ್ಕೇ ತಾನೇ ಕಂಪ್ಯೂಟರ್ ತಂದಿದ್ದು?” ಅಂತೀರಿ. ಹೌದು. ಅದರ ಕಥೆ ಪೂರ್ತಿ ಹೇಳಬೇಕು, ಅರ್ಧ ಹೇಳಬಾರದು.

2000ದ ಆಸುಪಾಸಿನಲ್ಲಿ ಕರ್ನಾಟಕ ‘ಭೂಮಿ’ ಯೋಜನೆ ತಂತು. 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿ, ಆಗಿದ್ದ 176 ತಾಲ್ಲೂಕು, ಎಲ್ಲಾ ಕಂಪ್ಯೂಟರಿಗೆ ಏರಿತು. 15 ರೂಪಾಯಿ ಕೊಟ್ರೆ ಕಿಯೋಸ್ಕ್‌ನಲ್ಲಿ ಪಹಣಿ. ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತಾಯ್ತು. ತಿದ್ದೋ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು, ಆಮೇಲೆ ‘ನಾನಲ್ಲ’ ಅನ್ನಂಗಿಲ್ಲ. ಇದು ಸಣ್ಣ ಕೆಲಸ ಅಲ್ಲ. ಒಂದು ಪಹಣಿಗೆ ಲೆಕ್ಕಿಗರ ಮನೆ ಬಾಗಿಲು ಕಾಯ್ತಿದ್ದ ನಮ್ಮ ತಾತಂದಿರನ್ನ ಕೇಳಿ, ಹೇಳ್ತಾರೆ. ದೇಶವಿದೇಶದವರು ಬಂದು ನೋಡ್ಕೊಂಡು ಹೋದ್ರು.

ಈಗ ಇನ್ನರ್ಧ. 2007ರಲ್ಲಿ ಸೋಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಇದೇ ಭೂಮಿ ಯೋಜನೆ ಬಗ್ಗೆ ಅಧ್ಯಯನ ಬರೆದ್ರು. ಅವರ ವಾದ ಇಷ್ಟು: ಲಂಚ ಮಾಯ ಆಗಲಿಲ್ಲ, ತೀರ್ಮಾನ ಮಾತ್ರ ಊರಿಂದ ತಾಲ್ಲೂಕಿಗೆ ಹೋಯ್ತು. ಬೆಂಗಳೂರು ಸುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಹುಡುಕೋರಿಗೆ ಮಾಹಿತಿ ಒಂದೇ ಕಡೆ ಸಿಕ್ಕಿ ಅನುಕೂಲ ಆಯ್ತು. ಆ ಅಧ್ಯಯನವನ್ನ ಪೂರ್ತಿ ಒಪ್ಪದಿರೋರೂ ಇದ್ದಾರೆ. ಆದ್ರೆ ಅದು ಎತ್ತಿದ ಪ್ರಶ್ನೆ ಇವತ್ತಿಗೂ ಹಂಗೇ ಇದೆ. ಊರಲ್ಲಿದ್ದಾಗ ಲೆಕ್ಕಿಗರಿಗೆ ನೀನು ಯಾರು ಅಂತ ಗೊತ್ತಿತ್ತು. ಸಿಸ್ಟಮ್‌ಗೆ ಗೊತ್ತಿಲ್ಲ.

ಅಜ್ಜಿ ಹೆಸರನ್ನೇ ತಗೊಳ್ಳಿ. ಪಹಣಿಯಲ್ಲಿ ಕನ್ನಡದಲ್ಲಿದೆ. ಆಧಾರ್‌ನಲ್ಲಿ ಇಂಗ್ಲಿಷ್‌ನಲ್ಲೂ ಇದೆ. ‘ಕ್ಷ’ಕ್ಕೆ ಒಬ್ಬರು ಕೆ-ಎಸ್-ಹೆಚ್ ಹಾಕಿದ್ರು, ಇನ್ನೊಬ್ಬರು ಎಕ್ಸ್ ಹಾಕಿದ್ರು. ಒಂದು ಕಡೆ ಗಂಡನ ಹೆಸರು ಸೇರಿದೆ, ಒಂದು ಕಡೆ ತಂದೆಯ ಇನಿಷಿಯಲ್. ಗಡಿ ತಾಲ್ಲೂಕು ನಮ್ಮದು, ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಬರೆದವರು ಕೇಳಿಸಿಕೊಂಡ ಹಾಗೆ ಬರೆದ್ರು. ಊರಿಗೆ ಒಬ್ಬಳೇ ಲಕ್ಷ್ಮಮ್ಮ. ಸಿಸ್ಟಮ್‌ಗೆ ಮೂವರು.

ಇದನ್ನ ‘ನೇಮ್ ಮಿಸ್‌ಮ್ಯಾಚ್’ ಅಂತಾರೆ. ತಪ್ಪು ಟೈಪ್ ಮಾಡಿದ್ದು ಅಜ್ಜಿ ಅಲ್ಲ. ಅಫಿಡವಿಟ್ ಖರ್ಚು, ಬಸ್ ಚಾರ್ಜು, ಎರಡು ದಿನದ ಕೂಲಿ ಮಾತ್ರ ಅಜ್ಜಿದು.

6/9

ಈ ಫೋಟೋ ನಂಗೆ ತುಂಬಾ ಇಷ್ಟ. ಹಾಲಿನ ಡೈರಿಯ ಚೀಟಿ. ಬೆಳಿಗ್ಗೆ ಆರೂವರೆದು.

ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಅಜ್ಜಿ ಹಾಲು ಹಾಕ್ತಾರೆ. ತೂಕ ಆಗುತ್ತೆ, ಫ್ಯಾಟು, ಎಸ್‌ಎನ್‌ಎಫ್ ಬರುತ್ತೆ, ರೇಟು ಬರುತ್ತೆ, ಅಲ್ಲೇ ಚೀಟಿ ಕೈಗೆ. ಅಜ್ಜಿಗೆ ಓದೋಕೆ ಬರಲ್ಲ, ಅಂಕಿ ಬರುತ್ತೆ. ಫ್ಯಾಟು ನಿನ್ನೆಗಿಂತ ಕಡಿಮೆ ಬಂದ್ರೆ ಅಲ್ಲೇ ನಿಂತು ಜಗಳ ಆಡ್ತಾರೆ. “ಇನ್ನೊಂದ್ಸಲ ಹಾಕಪ್ಪ, ಅದೇ ಹಸು, ಅದೇ ಮೇವು, ಹೆಂಗೆ ಕಮ್ಮಿ ಆಗುತ್ತೆ?” ಮತ್ತೆ ಟೆಸ್ಟ್ ಮಾಡ್ತಾರೆ. ವಾರದ ಬಟವಾಡೆ ದಿನ ಚೀಟಿಗಳನ್ನೆಲ್ಲ ತೆಗೆದು ಕೂಡಿಸಿ ನೋಡ್ತಾರೆ.

ಅದೂ ಕಂಪ್ಯೂಟರೇ. ಅದೂ ಡೇಟಾಬೇಸೇ. ಅಲ್ಲಿ ನಮ್ಮಜ್ಜಿ ‘ನಾನೇ ಮರ್ತುಬಿಟ್ಟಿದ್ದೀನಾ’ ಅಂತ ಯಾವತ್ತೂ ಕೇಳಲ್ಲ. ಕಾರಣ ಒಂದೇ: ಪುಸ್ತಕದಲ್ಲಿ ಬರೆದದ್ದರ ನಕಲು ಅದೇ ನಿಮಿಷ ಅವರ ಕೈಯಲ್ಲಿರುತ್ತೆ.

ಕಂಪನಿಗಳಿಗೂ ಕಾನೂನು ಇದನ್ನೇ ಹೇಳುತ್ತೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸೋ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಆಡಿಟ್ ಟ್ರೇಲ್ ಕಡ್ಡಾಯ. ಯಾವ ಎಂಟ್ರಿ ಯಾವ ದಿನ ಬದಲಾಯ್ತು ಅಂತ ಎಡಿಟ್ ಲಾಗ್ ಇರಬೇಕು. ಅದನ್ನ ಆಫ್ ಮಾಡೋಕೆ ಆಗಬಾರದು. ಆಡಿಟರ್ ಅದರ ಬಗ್ಗೆ ವರದಿಯಲ್ಲಿ ಬರೀಬೇಕು. ಟ್ಯಾಲಿ ಕಲಿತವರಿಗೆ ಎಡಿಟ್ ಲಾಗ್ ಗೊತ್ತು. ಯಾಕೆ ತಂದ್ರು? ಷೇರುದಾರರ ದುಡ್ಡು, ತೆರಿಗೆ ದುಡ್ಡು, ಯಾರೂ ಹಿಂದಿನ ಬಾಗಿಲಿಂದ ತಿದ್ದಬಾರದು ಅಂತ.

ಸರಿ. ಹಂಗಾದ್ರೆ ಅಜ್ಜಿಯ ರೇಷನ್ ಕಾರ್ಡು, ಪಿಂಚಣಿ, ಬ್ಯಾಂಕ್ ಜೋಡಣೆ, ಇವುಗಳ ಎಡಿಟ್ ಲಾಗ್ ಅಜ್ಜಿಗೆ ಯಾಕೆ ಕಾಣಲ್ಲ? ಸರ್ವರ್ ಒಳಗೆ ಇರಬಹುದು. ಇದ್ದರೂ ಅದು ಇರೋದು ಆಫೀಸಿಗೆ, ನಮಗಲ್ಲ. ಎಸ್ಟೋನಿಯಾ ಅನ್ನೋ ಪುಟ್ಟ ದೇಶದಲ್ಲಿ ಪ್ರಜೆ ಲಾಗಿನ್ ಆಗಿ ತನ್ನ ಮಾಹಿತಿನ ಯಾವ ಇಲಾಖೆ ಯಾವಾಗ ತೆಗೆದು ನೋಡ್ತು ಅಂತ ನೋಡಬಹುದು. ನಮ್ಮ ಭೂಮಿಯಲ್ಲೂ ಮ್ಯುಟೇಶನ್ ನಂಬರ್ ಸಿಗುತ್ತೆ, ಅದರ ಹಿಂದೆ ಆದೇಶ ಇರುತ್ತೆ, ಅದು ಒಳ್ಳೇದು. ಅದನ್ನೇ ಉಳಿದ ಕಡೆಗೂ ಕೇಳ್ತಿದ್ದೀನಿ.

ಕಂಪನಿಯ ದುಡ್ಡಿಗಿರೋ ಕಾವಲು ಅಜ್ಜಿಯ ದುಡ್ಡಿಗೂ ಬೇಕು.

7/9

ಇನ್ನು ಕಾಣದ ಇನ್ನೊಂದು ಅಪಾಯ. ಪುಸ್ತಕವೇ ಸುಟ್ಟುಹೋದ್ರೆ?

2017ರ ಜನವರಿ 31ಕ್ಕೆ ಗಿಟ್‌ಲ್ಯಾಬ್ ಅನ್ನೋ ಕಂಪನಿಯ ಇಂಜಿನಿಯರ್ ಒಬ್ಬರು ರಾತ್ರಿ ಸುಸ್ತಾಗಿ ಕೆಲಸ ಮಾಡ್ತಿದ್ರು. ನಕಲು ಸರ್ವರ್ ಅಂದ್ಕೊಂಡು ಅಸಲಿ ಸರ್ವರ್‌ನ ಡೇಟಾ ಅಳಿಸಿಬಿಟ್ರು. ಸುಮಾರು 300 ಜಿಬಿ. ನಿಲ್ಲಿಸೋ ಹೊತ್ತಿಗೆ ಉಳಿದಿದ್ದು 4.5 ಜಿಬಿ. ಬ್ಯಾಕಪ್ ತೆಗೆಯೋಣ ಅಂತ ಹೋದ್ರೆ ಒಂದೊಂದೂ ಕೈಕೊಡ್ತು. ದಿನದ ಬ್ಯಾಕಪ್ ಸಾಫ್ಟ್‌ವೇರ್ ಆವೃತ್ತಿ ಹೊಂದದೆ ಎಷ್ಟೋ ದಿನದಿಂದ ಆಗಿರಲೇ ಇಲ್ಲ. ‘ಬ್ಯಾಕಪ್ ಆಗ್ತಿಲ್ಲ’ ಅಂತ ಎಚ್ಚರಿಸೋ ಈಮೇಲ್ ಕೂಡ ಯಾರಿಗೂ ತಲುಪ್ತಿರಲಿಲ್ಲ. ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆ ಅಂತ ಯಾರೋ ತೆಗೆದಿಟ್ಟಿದ್ದ ಒಂದು ನಕಲಿನಿಂದ ಕಂಪನಿ ಉಳೀತು.

ನಂಗೆ ಇಷ್ಟವಾಗಿದ್ದು ಆಮೇಲಿನದು. ಅವರು ಮುಚ್ಚಿಡಲಿಲ್ಲ. ಏನೇನು ತಪ್ಪಾಯ್ತು ಅಂತ ಎಲ್ಲರಿಗೂ ಕಾಣೋ ಹಾಗೆ ಬರೆದು ಹಾಕಿದ್ರು. ‘ಆ ಹುಡುಗನ ತಪ್ಪು’ ಅಂತ ಕೈ ತೊಳೆದುಕೊಳ್ಳಲಿಲ್ಲ.

2025ರ ಸೆಪ್ಟೆಂಬರ್ 26ಕ್ಕೆ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರದ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. 709 ಸರ್ಕಾರಿ ವ್ಯವಸ್ಥೆ ನಿಂತುಹೋದ್ವು. ನೌಕರರು ಕಡತ ಇಡ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಪೂರ್ತಿ ಹೋಯ್ತು. ತುಂಬಾ ದೊಡ್ಡದಿದೆ ಅಂತ ಹೊರಗೆ ಬ್ಯಾಕಪ್ಪೇ ಇಟ್ಟಿರಲಿಲ್ಲ. ತಂತ್ರಜ್ಞಾನದಲ್ಲಿ ನಮಗಿಂತ ಎಷ್ಟೋ ಮುಂದಿರೋ ದೇಶ ಅದು.

ನಮ್ಮಲ್ಲೂ 2025ರ ಶುರುವಿನಲ್ಲಿ ಕಾವೇರಿ 2.0 ಕೈಕೊಟ್ಟು ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಜನ ದಿನಗಟ್ಟಲೆ ಕಾದ್ರು. ಡಿಡಾಸ್ ದಾಳಿ ಅಂತ ಸರ್ಕಾರ ಹೇಳ್ತು. ಅಂದ್ರೆ ಬೀಗ ಒಡೆಯೋದಲ್ಲ, ಬಾಗಿಲಿಗೆ ಸುಳ್ಳು ಜನರನ್ನ ತುಂಬಿಸಿ ನಿಜವಾದವರು ಒಳಗೆ ಹೋಗದಂಗೆ ಮಾಡೋದು. ಆವತ್ತು ಕಾದು ವಾಪಸ್ ಬಂದವರು ಕೇಳಿದ್ದೂ ಅದೇ ಎರಡು ಪದ: ‘ಸರ್ವರ್ ಡೌನ್’.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ. ಬ್ಯಾಕಪ್ ಇದೆ ಅನ್ನೋ ಮಾತನ್ನ ನಂಬಬೇಡಿ. ಕೊನೆಯ ಸಲ ಬ್ಯಾಕಪ್‌ನಿಂದ ವಾಪಸ್ ತಂದು ನೋಡಿದ್ದು ಯಾವತ್ತು ಅಂತ ಕೇಳಿ. ಆ ತಾರೀಖು ಹೇಳೋಕೆ ಬರದಿದ್ರೆ ಬ್ಯಾಕಪ್ ಇಲ್ಲ ಅಂತಲೇ ಲೆಕ್ಕ.

8/9

ಮೂರು ದಿನದಿಂದ ಡಿಎಂನಲ್ಲಿ ಬಂದ ಜಗಳಗಳಿಗೆ ಉತ್ತರ.

“ಎಲ್ಲಾ ಡೇಟಾ ಎಂಟ್ರಿ ಆಪರೇಟರ್‌ಗಳ ತಪ್ಪು.” ಇಲ್ಲ ಅಣ್ಣ. 2024ರಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಯಾಕೆ ಮುಷ್ಕರ ಕೂತಿದ್ರು ನೆನಪಿದೆಯಾ? ಒಬ್ಬರ ಮೇಲೆ ರಾಶಿ ಆ್ಯಪ್ ಹೇರಿ, ಮಾಡೋಕೆ ಸರಿಯಾದ ಸೌಲಭ್ಯ ಕೊಟ್ಟಿಲ್ಲ ಅಂತ. ದಿನಕ್ಕೆ ಇಷ್ಟು ಎಂಟ್ರಿ ಮುಗಿಸಲೇಬೇಕು ಅಂತ ಕುತ್ತಿಗೆ ಮೇಲೆ ಕೂತ್ರೆ ಯಾರ ಕೈಯಲ್ಲಾದ್ರೂ ‘ಕ್ಷ’ ‘ಕ್ಸ’ ಆಗುತ್ತೆ. ತಪ್ಪು ಆಗೋದು ಸಹಜ. ಆದ ತಪ್ಪು ತಿದ್ದೋಕೆ ದಾರಿ ಇಡದೇ ಇರೋದು ಸಹಜ ಅಲ್ಲ.

“ಡಿಬಿಎ ಏನ್ ಮಾಡ್ತಾರೆ ಪಾಪ, ನಿಯಮ ಮಾಡೋರು ಬೇರೆ.” ಈ ಮಾತು ನಿಜ, ಒಪ್ಕೊಳ್ತೀನಿ. ಯಾವ ಕಾಲಂ ಕಡ್ಡಾಯ ಅಂತ ತೀರ್ಮಾನಿಸೋದು ಅವರಲ್ಲ. ಎಷ್ಟೋ ಜನ ಗುತ್ತಿಗೆ ಮೇಲೆ ದುಡೀತಾರೆ, ಹಬ್ಬ ಇಲ್ಲ, ರಾತ್ರಿ ಇಲ್ಲ. ಆದ್ರೆ ಈ ಪುಸ್ತಕದ ಹೊಟ್ಟೆ ಒಳಗೆ ಏನಿದೆ ಅಂತ ಗೊತ್ತಿರೋದೂ ಅವರಿಗೇ. ಲಕ್ಷಾಂತರ ಸಾಲು ಹೊಂದ್ತಿಲ್ಲ ಅಂತ ಮೊದಲು ಕಾಣೋದು ಅವರಿಗೇ. ಡಾಕ್ಟರ್ ಆಸ್ಪತ್ರೆ ಕಟ್ಟಲ್ಲ, ಹಂಗಂತ ರೋಗಿ ವಿಷಯದಲ್ಲಿ ಬಾಯಿ ಮುಚ್ಕೊಂಡು ಇರಲ್ಲ. ಚಾರ್ಟರ್ಡ್ ಅಕೌಂಟೆಂಟ್ ಲೆಕ್ಕ ತಪ್ಪಿದೆ ಅಂತ ಕಂಡೂ ಸಹಿ ಹಾಕಿದ್ರೆ ಕೇಳೋಕೆ ಒಂದು ಸಂಸ್ಥೆ ಇದೆ. ಕೋಟಿ ಜನರ ಲೆಕ್ಕ ಕಾಯೋರಿಗೆ ಅಂಥ ಹೊಣೆಯೂ ಇಲ್ಲ, ಅಂಥ ರಕ್ಷಣೆಯೂ ಇಲ್ಲ. ಎರಡೂ ಬೇಕು ಅಂತಿದ್ದೀನಿ.

“ಎಲ್ಲಾ ಕ್ಲೌಡ್, ಎಲ್ಲಾ ಎಐ, ಡಿಬಿಎ ಕೆಲಸವೇ ಇರಲ್ಲ.” ಬ್ಯಾಕಪ್ ತೆಗೆಯೋದು, ಪ್ಯಾಚ್ ಹಾಕೋದು ಎಷ್ಟೋ ತಾನಾಗೇ ಆಗ್ತಿದೆ, ನಿಜ. ಆದ್ರೆ ಯಾರಿಗೆ ತಿದ್ದೋ ಅನುಮತಿ ಕೊಡಬೇಕು, ಈ ಮೂವರು ಲಕ್ಷ್ಮಮ್ಮ ಒಬ್ಬರೇನಾ ಅನ್ನೋದನ್ನ ಮಷಿನ್‌ಗೆ ಬಿಟ್ಟು ಕೈ ಕಟ್ಟಿ ಕೂತ್ರೆ ಮುಂದಿನ ಸಲ ಕೌಂಟರ್‌ನಲ್ಲಿ ‘ಎಐ ಹಂಗೇ ಹೇಳ್ತಿದೆ ಅವ್ವಾ’ ಅಂತ ಕೇಳಿಸುತ್ತೆ. ಅಷ್ಟೇ ವ್ಯತ್ಯಾಸ.

ಕೊನೆಗೆ, ‘ಮೂರು ತಿಂಗಳಲ್ಲಿ ಡಿಬಿಎ ಆಗಿ, ಕೋಡಿಂಗ್ ಬೇಡ, ಟೆನ್ಷನ್ ಇಲ್ಲ’ ಅಂತ ರೀಲ್ಸ್ ಮಾಡೋರಿಗೆ: ಟೆನ್ಷನ್ ಇಲ್ಲದ ಡಿಬಿಎ ಅಂದ್ರೆ ಮೂರು ಜನರ ಜೀವನದ ಬೀಗದ ಕೈನ ಎಲ್ಲಿಟ್ಟೆ ಅಂತ ಗೊತ್ತಿಲ್ಲದವರು. ಬ್ಯಾಕಪ್ ಅಂದ್ರೇನು ಅಂತ ಹೇಳ್ಕೊಟ್ಟು, ರೀಸ್ಟೋರ್ ಮಾಡಿಸದೇ ಸರ್ಟಿಫಿಕೇಟ್ ಕೊಡೋದು ಈಜು ಬರದವರನ್ನ ಕೆರೆ ಕಾಯೋಕೆ ನಿಲ್ಲಿಸಿದಂಗೆ.

9/9

ಗೌರಿಬಿದನೂರಲ್ಲಿ 1965ರಿಂದ ಭೂಕಂಪ ಅಳೆಯೋ ಕೇಂದ್ರ ಇದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ್ದು. ಸಾವಿರಾರು ಕಿಲೋಮೀಟರ್ ದೂರದಲ್ಲಿ ಯಾವುದೋ ದೇಶ ನೆಲದಡಿ ಅಣುಬಾಂಬ್ ಸಿಡಿಸಿದ್ರೂ ಇಲ್ಲಿ ಗೆರೆ ಅಲ್ಲಾಡುತ್ತೆ. ಅದೇ ತಾಲ್ಲೂಕಲ್ಲಿ ಅಜ್ಜಿಯ ದುಡ್ಡು ಪಕ್ಕದ ಬೀದಿಯ ಬ್ಯಾಂಕಿಗೆ ಹೋಗಿದ್ದು ಏಳು ತಿಂಗಳು ಯಾರ ಸ್ಕ್ರೀನಲ್ಲೂ ಅಲ್ಲಾಡಲಿಲ್ಲ. ಆಗಲ್ಲ ಅನ್ನೋ ಮಾತು ಒಪ್ಪಲ್ಲ. ಯಾರೂ ಮಾಡು ಅಂತ ಕೇಳಿಲ್ಲ.

ಅದಕ್ಕೆ ಕೇಳ್ತಿದ್ದೀನಿ. ಮೂರೇ ಬೇಡಿಕೆ.

ಒಂದು, ಚೀಟಿ ಬೇಕು. ನನ್ನ ದಾಖಲೆಯಲ್ಲಿ ಒಂದಕ್ಷರ ಬದಲಾದ್ರೂ, ಬ್ಯಾಂಕ್ ಜೋಡಣೆ ಬದಲಾದ್ರೂ, ಕನ್ನಡದಲ್ಲಿ ಮೆಸೇಜ್ ಬರಬೇಕು, ಕೇಳಿದ್ರೆ ಪ್ರಿಂಟ್ ಕೊಡಬೇಕು. ದುಡ್ಡು ‘ಸಕ್ಸೆಸ್’ ಅಂದ್ರೆ ಯಾವ ಬ್ಯಾಂಕಿಗೆ ಸಕ್ಸೆಸ್ ಅಂತ ಕೌಂಟರ್‌ನಲ್ಲಿ ಓದಿ ಹೇಳಬೇಕು.

ಎರಡು, ಲಾಗ್ ಬೇಕು. ಯಾರು, ಯಾವಾಗ, ಏನು ತಿದ್ದಿದ್ರು ಅಂತ ನನಗೆ ಕಾಣಬೇಕು. ಕ್ಯಾಷಿಯರ್ ಕೈಗೇ ಲೆಡ್ಜರ್ ಕೊಡಬಾರದು ಅಂತ ನಮಗೆ ಕಲಿಸ್ತಾರೆ. ತಿದ್ದೋ ಅಧಿಕಾರ ಇರೋರ ಕೈಯಲ್ಲಿ ಲಾಗ್ ಅಳಿಸೋ ಅಧಿಕಾರ ಇರಬಾರದು.

ಮೂರು, ತಪ್ಪು ಮಾಡಿದವರ ಖರ್ಚಲ್ಲೇ ತಿದ್ದುಪಡಿ ಆಗಬೇಕು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ತಪ್ಪು ಮಾಹಿತಿ ತಿದ್ದಿಸಿಕೊಳ್ಳೋ ಹಕ್ಕಿನ ಮಾತಿದೆ. ಹಕ್ಕು ಅಂದ ಮೇಲೆ ಅದಕ್ಕೆ ಅಜ್ಜಿ ಎರಡು ದಿನದ ಕೂಲಿ ಕಳ್ಕೊಬಾರದು.

ನನ್ನ ಬಿಕಾಂ ಗೆಳೆಯ ಗೆಳತಿಯರಿಗೆ ಒಂದು ಮಾತು. ಬೆಳಿಗ್ಗೆ ರೈಲಲ್ಲಿ ಬೆಂಗಳೂರಿಗೆ ಹೋಗೋ ನಮ್ಮ ಅಕ್ಕಂದಿರು, ಅಣ್ಣಂದಿರಲ್ಲಿ ಈ ಕೆಲಸದಲ್ಲಿರೋರು ತುಂಬಾ ಕಡಿಮೆ. ‘ನಮಗಲ್ಲ’ ಅಂದ್ಕೊಂಡಿದ್ದೀವಿ. ನಮಗೇ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡೂ ಪುಕ್ಕಟೆ, ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ. ಅಜ್ಜಿಯ ಡೈರಿ ಚೀಟಿಗಳನ್ನ ಒಂದು ಟೇಬಲ್‌ಗೆ ಹಾಕಿ. ವಾರದ ಲೆಕ್ಕ ತೆಗೆಯಿರಿ. ಬ್ಯಾಕಪ್ ತೆಗೆಯಿರಿ. ಆಮೇಲೆ ಧೈರ್ಯ ಮಾಡಿ ಟೇಬಲ್ ಅಳಿಸಿ, ಬ್ಯಾಕಪ್‌ನಿಂದ ವಾಪಸ್ ತನ್ನಿ. ನಾನು ಮೊದಲ ಸಲ ಮಾಡಿದಾಗ ಹನ್ನೊಂದು ದಿನದ ಹಾಲು ಹೋಗಿಬಿಡ್ತು. ಚೀಟಿಗಳಿದ್ವು, ಮತ್ತೆ ಟೈಪ್ ಮಾಡಿದೆ.

ಆ ಕುರ್ಚಿಗೆ ಹೋಗಿ ಕೂರಿ. ಕೂತ ಮೇಲೆ, ಮುಂದೆ ನಿಂತಿರೋ ಹೆಂಗಸು ‘ನಂಗೆ ಬಂದಿಲ್ಲ ಕಣಪ್ಪ’ ಅಂದ್ರೆ ಮೊದಲು ಅವಳನ್ನ ನಂಬಿ, ಆಮೇಲೆ ಸ್ಕ್ರೀನ್ ನೋಡಿ.

ಅಜ್ಜಿಗೆ ಈ ಪೋಸ್ಟ್‌ಗಳನ್ನೆಲ್ಲ ಓದಿ ಹೇಳಿದೆ. ಕೇಳಿ, “ಅಷ್ಟುದ್ದ ಬರ್ದಿದ್ದೀಯಲ್ಲ, ಆ ಹಳೇ ಖಾತೆ ಕ್ಲೋಸ್ ಮಾಡ್ಸಿದ್ಯಾ?” ಅಂದ್ರು. ಇಲ್ಲ. ಸೋಮವಾರ ಹೋಗ್ತೀವಿ.

ನಿಮ್ಮನೆ ಲಕ್ಷ್ಮಮ್ಮನ ಕಥೆ ಕಾಮೆಂಟಲ್ಲಿ ಬರೀರಿ. ಆಧಾರ್ ನಂಬರ್, ಖಾತೆ ನಂಬರ್ ಮಾತ್ರ ಹಾಕಬೇಡಿ.

#ಕುಡುಮಲಕುಂಟೆ #ಗೌರಿಬಿದನೂರು #ಸಿಸ್ಟಮ್‌ನಲ್ಲಿ_ಹಂಗೇ_ಇದೆ #ಪಹಣಿ #ಬಿಕಾಂ #ಡೇಟಾಬೇಸ್ #ಚೀಟಿ_ಕೊಡಿ